ಔಟ್‌ಪುಟ್ ಬಂತಾ? ಫೈನಲ್ ಇಯರ್ ಪ್ರಾಜೆಕ್ಟ್ ಡೆಮೊಗೆ ತಯಾರಾಗುವ ಬಗೆ

ಪ್ರಾಜೆಕ್ಟ್ ವೈವಾ (ಮೌಖಿಕ ಪರೀಕ್ಷೆ) ನಡೆಯುವ ದಿನ ಲ್ಯಾಬ್ ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಒಳಗಿಂದ ಬಂದ ಬ್ಯಾಚನ್ನು ಹೊರಗೆ ಕಾಯುತ್ತಿರುವವರು ಕೇಳುವುದು ಒಂದೇ ಮಾತು: "ಔಟ್‌ಪುಟ್ ಬಂತಾ?" ಒಳಗೆ ಕೂತಿರುವ ಎಕ್ಸ್‌ಟರ್ನಲ್‌ಗೂ (ಹೊರಗಿನಿಂದ ಬಂದ ಪರೀಕ್ಷಕರಿಗೂ) ಬೇಕಾಗಿರುವುದು ಅದೇ. ಆದರೂ ಹೆಚ್ಚಿನ ಬ್ಯಾಚ್‌ಗಳ ಕೊನೆಯ ವಾರವೆಲ್ಲ ಕಳೆಯುವುದು ರಿಪೋರ್ಟ್ ಬೈಂಡಿಂಗ್‌ನಲ್ಲಿ, ಪಿಪಿಟಿಯ ಬಣ್ಣ ಬದಲಿಸುವುದರಲ್ಲಿ. ಡೆಮೊ ಬಗ್ಗೆ ಕೇಳಿದರೆ "ಕೆಲಸ ಮಾಡ್ತಿದೆಯಲ್ಲ, ತೋರಿಸಿದ್ರಾಯ್ತು" ಅನ್ನುತ್ತಾರೆ.

ಕೆಲಸ ಮಾಡುವುದು ಬೇರೆ, ಕೆಲಸ ಮಾಡುತ್ತಿದೆ ಅಂತ ಎದುರು ಕೂತವರಿಗೆ ಕಾಣಿಸುವುದು ಬೇರೆ. ಈ ಲೇಖನ ಎರಡನೆಯದರ ಬಗ್ಗೆ. ಮಾತಿಗೆ ಹಿಡಿತ ಇರಲಿ ಅಂತ ಎರಡು ಪ್ರಾಜೆಕ್ಟ್‌ಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ಹಾರ್ಡ್‌ವೇರ್: ಹೊಲದ ಬೋರ್‌ವೆಲ್ ಮೋಟಾರನ್ನು ಫೋನಿನಿಂದ ಚಾಲೂ ಮಾಡುವ, ನೀರು ಮುಗಿದರೆ ಅಥವಾ ಒಂದು ಫೇಸ್ ಹೋದರೆ ತಾನೇ ನಿಲ್ಲಿಸುವ ಸ್ಟಾರ್ಟರ್. ಇನ್ನೊಂದು ಸಾಫ್ಟ್‌ವೇರ್: ಕೈಯಲ್ಲಿ ಬರೆದ ಕನ್ನಡ ಅಕ್ಷರವನ್ನು ಕ್ಯಾಮೆರಾದಲ್ಲಿ ನೋಡಿ ಗುರುತಿಸುವ ಆ್ಯಪ್. ನಿಮ್ಮ ಪ್ರಾಜೆಕ್ಟ್ ಬೇರೆ ಇರಬಹುದು. ಕಷ್ಟಗಳು ಮಾತ್ರ ಹೆಚ್ಚುಕಮ್ಮಿ ಇವೇ.

ಮೊದಲು: ಏನು ಬದಲಾಗುವುದನ್ನು ತೋರಿಸುತ್ತೀರಿ?

ಒಂದು ಹಾಳೆ ತೆಗೆದುಕೊಂಡು ಈ ವಾಕ್ಯ ಪೂರ್ತಿ ಮಾಡಿ: "ಮೊದಲು ಹೀಗಿತ್ತು, ನಾವು ಹೀಗೆ ಮಾಡಿದೆವು, ಈಗ ನೋಡಿ ಹೀಗಾಯಿತು." ಮೋಟಾರ್ ಸ್ಟಾರ್ಟರ್‌ಗೆ ಇದು ಹೀಗಿರಬಹುದು: "ಪಂಪು ನೀರು ಎತ್ತುತ್ತಿತ್ತು, ಬಕೆಟ್‌ನಿಂದ ಪಂಪನ್ನು ಮೇಲೆತ್ತಿದೆವು, ಕೆಲವೇ ಸೆಕೆಂಡಿನಲ್ಲಿ ಪಂಪು ತಾನೇ ನಿಂತು ಫೋನಿಗೆ ಮೆಸೇಜ್ ಬಂತು."

ಈ ವಾಕ್ಯ ಬರೆಯಲು ಆಗುತ್ತಿಲ್ಲ ಅಂದರೆ ತೊಂದರೆ ಡೆಮೊದಲ್ಲಿಲ್ಲ, ಪ್ರಾಜೆಕ್ಟಿನಲ್ಲೇ ಇದೆ. ಗೈಡ್ ಹತ್ತಿರ ಹೋಗಿ ಕೂತು ಮಾತಾಡಿ. ಬರೆಯಲು ಆಯಿತು ಅಂದರೆ ಅದೇ ನಿಮ್ಮ ಡೆಮೊದ ಬೆನ್ನೆಲುಬು. ಉಳಿದದ್ದೆಲ್ಲ ಅದರ ಸುತ್ತ ಬರಬೇಕು.

ಇಲ್ಲಿ ಒಂದು ಆಸೆ ಬಿಡಬೇಕಾಗುತ್ತದೆ. ನಾಲ್ಕು ಜನ ಸೇರಿ ತಿಂಗಳುಗಟ್ಟಲೆ ಮಾಡಿದ್ದೀರಿ, ಎಂಟು ಫೀಚರ್ ಇವೆ. ಎಂಟನ್ನೂ ತೋರಿಸಬೇಕು ಅನ್ನಿಸುತ್ತದೆ. ಬೇಡ. ಒಂದನ್ನು ಪೂರ್ತಿ ತೋರಿಸಿ, ಇನ್ನೊಂದನ್ನು ಚಿಕ್ಕದಾಗಿ ತೋರಿಸಿ. ಉಳಿದ ಆರು ಪೋಸ್ಟರಿನಲ್ಲಿ ಒಂದೊಂದು ಸಾಲಾಗಿ ಇರಲಿ. ಕೇಳಿದರೆ ತೋರಿಸಿದರಾಯಿತು. ಬೆಳಗ್ಗೆಯಿಂದ ಒಂದರ ಮೇಲೊಂದು ಬ್ಯಾಚ್ ನೋಡಿ ಸುಸ್ತಾದ ಎಕ್ಸ್‌ಟರ್ನಲ್ ತಲೆಯಲ್ಲಿ ಸಂಜೆ ಉಳಿಯುವುದು ಒಂದೇ ದೃಶ್ಯ. ಅದು ಯಾವುದು ಅಂತ ನೀವೇ ನಿರ್ಧರಿಸುವುದು ಒಳ್ಳೆಯದಲ್ವಾ?

ಹೊಲವನ್ನು ಟೇಬಲ್ ಮೇಲೆ ತರುವುದು

ಹಾರ್ಡ್‌ವೇರ್ ಪ್ರಾಜೆಕ್ಟ್‌ನವರ ದೊಡ್ಡ ತಲೆನೋವು ಇದು. ನಿಜವಾದ ಬೋರ್‌ವೆಲ್ ಲ್ಯಾಬಿಗೆ ಬರುವುದಿಲ್ಲ. ಹಾಗಂತ ಥರ್ಮೋಕೋಲ್‌ನಲ್ಲಿ ಹಸಿರು ಬಣ್ಣ ಬಳಿದು, ಆಟದ ಮರ, ಪುಟ್ಟ ಮನೆ ಅಂಟಿಸಿ ಹೊಲ ಮಾಡುವುದು ಬೇಡ. ಅದರಲ್ಲಿ ಒಂದು ರಾತ್ರಿ ಹೋಗುತ್ತದೆ, ನೋಡುವವರಿಗೆ ಹೈಸ್ಕೂಲ್ ವಸ್ತುಪ್ರದರ್ಶನ ನೆನಪಾಗುತ್ತದೆ. ಮಾದರಿಯಲ್ಲಿ ಇರಬೇಕಾದದ್ದು ಕಾರಣ ಮತ್ತು ಪರಿಣಾಮ, ಅಲಂಕಾರ ಅಲ್ಲ.

ಸ್ಟಾರ್ಟರ್‌ಗೆ ಬೇಕಾಗಿರುವುದು ಇಷ್ಟೇ. ನೀರು ತುಂಬಿದ ಪಾರದರ್ಶಕ ಡಬ್ಬ. 12 ವೋಲ್ಟಿನ ಸಣ್ಣ ಪಂಪು. ನೀರು ಬೀಳುವುದು ಕಾಣುವ ಹಾಗೆ ಒಂದು ಪೈಪು. ಮೂರು ಸ್ವಿಚ್ಚು, ಮೂರು ದೀಪ: ಕೆಂಪು, ಹಳದಿ, ನೀಲಿ. ರೈತರ ಸ್ಟಾರ್ಟರ್ ಡಬ್ಬದ ಮೇಲೂ ಮೂರು ಫೇಸಿಗೆ ಇದೇ ಬಣ್ಣ ಇರುವುದರಿಂದ ವಿವರಣೆ ಜಾಸ್ತಿ ಬೇಕಾಗುವುದಿಲ್ಲ. ನೀಲಿ ಸ್ವಿಚ್ ಆಫ್ ಮಾಡಿದಿರಿ, ನೀಲಿ ದೀಪ ಆರಿತು, ಪಂಪು ನಿಂತಿತು. ಹಿಂದಿನ ಬೆಂಚಿನಲ್ಲಿ ನಿಂತವರಿಗೂ ಅರ್ಥವಾಯಿತು.

230 ವೋಲ್ಟನ್ನು ಟೇಬಲ್ ಮೇಲೆ ತರಬೇಡಿ. ಲ್ಯಾಬಿನಲ್ಲಿ ನೀರಿದೆ, ಜನ ಕೈ ಹಾಕುತ್ತಾರೆ, ನೀವೂ ಗಾಬರಿಯಲ್ಲಿರುತ್ತೀರಿ. ರಿಲೇ (ಪಂಪನ್ನು ಆನ್-ಆಫ್ ಮಾಡುವ ವಿದ್ಯುತ್ ಸ್ವಿಚ್) ಬದಿಯಲ್ಲಿ 12 ವೋಲ್ಟ್ ಸಾಕು. ಇದು ನಿಜವಾದ ಲೈನ್ ಅಲ್ಲ ಅನ್ನುವುದನ್ನು ಮುಚ್ಚಿಡಲೂಬೇಡಿ. "ಸರ್, ಇಲ್ಲಿ ಮೂರು ಫೇಸನ್ನು ಸ್ವಿಚ್ಚಿನಿಂದ ತೋರಿಸುತ್ತಿದ್ದೇವೆ. ನಿಜವಾದ ಲೈನಿಗೆ ಹಾಕಿ ಪರೀಕ್ಷೆ ಮಾಡಿದ ವಿಡಿಯೊ ಇಲ್ಲಿದೆ" ಅಂತ ನೀವೇ ಹೇಳಿ. ಪರೀಕ್ಷೆ ಮಾಡಿಲ್ಲ ಅಂದರೆ ಮಾಡಿಲ್ಲ ಅಂತಲೇ ಹೇಳಿ. ಅವರೇ ಅದನ್ನು ಕಂಡುಹಿಡಿದು ಕೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಮಾದರಿ ಚಿಕ್ಕದಾದಾಗ ಸೆನ್ಸರ್ ಲೆಕ್ಕವೂ ಬದಲಾಗುತ್ತದೆ ಅನ್ನುವುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ನೀರಿಲ್ಲದೆ ಓಡುವ ಪಂಪು ಕಡಿಮೆ ಕರೆಂಟ್ ಎಳೆಯುತ್ತದೆ. ಆ ಇಳಿಕೆಯನ್ನು ನೋಡಿಯೇ ನೀರು ಮುಗಿದದ್ದು ಗೊತ್ತಾಗುವುದು. ಹೊಲದ ಮೋಟಾರಿನಲ್ಲಿ ಈ ಇಳಿಕೆ ಚೆನ್ನಾಗಿ ಕಾಣುತ್ತದೆ. ಟೇಬಲ್ ಮೇಲಿನ ಪುಟ್ಟ ಪಂಪಿನಲ್ಲಿ ಹಾಗಲ್ಲ. ಕರೆಂಟ್ ಅಳೆಯುವ 5 ಆಂಪಿಯರ್‌ನ ಎಸಿಎಸ್712 ಸೆನ್ಸರ್ ಒಂದು ಆಂಪಿಯರ್‌ಗೆ 185 ಮಿಲಿವೋಲ್ಟ್ ಕೊಡುತ್ತದೆ. ನಿಮ್ಮ ಪಂಪಿನಲ್ಲಿ ವ್ಯತ್ಯಾಸ 0.2 ಆಂಪಿಯರ್ ಅಂದುಕೊಳ್ಳಿ. ಸಿಗುವುದು 37 ಮಿಲಿವೋಲ್ಟ್. ಆರ್ಡ್ವಿನೊ ಯುನೊ ಕಂಟ್ರೋಲರ್ ಬೋರ್ಡಿನ 10 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಸಂಖ್ಯೆಯಾಗಿ ಓದುವ ಭಾಗ) ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಂದರೆ ಇಡೀ ಡೆಮೊ ಏಳೆಂಟು ಎಣಿಕೆಯ ವ್ಯತ್ಯಾಸದ ಮೇಲೆ ನಿಂತಿದೆ! ನಾಯ್ಸ್ (ರೀಡಿಂಗಿನ ಅಡ್ಡಾದಿಡ್ಡಿ ಏರಿಳಿತ) ಅದನ್ನು ಸುಲಭವಾಗಿ ನುಂಗುತ್ತದೆ. ನೂರಾರು ರೀಡಿಂಗ್ ತೆಗೆದು ಸರಾಸರಿ ಮಾಡಿ, ಇಲ್ಲವೇ ಸಣ್ಣ ಡಿಸಿ ಕರೆಂಟಿಗೆ ಅಂತಲೇ ಇರುವ ಐಎನ್ಎ219 ಹಾಕಿ. ಈ ಲೆಕ್ಕವನ್ನು ವೈವಾದಲ್ಲಿ ಬಾಯಲ್ಲಿ ಹೇಳುವ ಹಾಗಿದ್ದರೆ "ಈ ಸೆನ್ಸರ್ ಯಾಕೆ ತಗೊಂಡ್ರಿ?" ಅನ್ನುವ ಪ್ರಶ್ನೆ ನಿಮಗೆ ಹಬ್ಬ.

ಪವರ್ ಮತ್ತು ವೈರು

ಡೆಮೊ ದಿನ ಕೈಕೊಡುವುದು ಕೋಡ್ ಅಲ್ಲ. ಹೆಚ್ಚಿನ ಸಲ ಅದು ಪವರ್ ಅಥವಾ ಸಡಿಲವಾದ ಜಂಪರ್ ವೈರ್.

ವೈರುಗಳನ್ನು ಬರೀ ಸಿಕ್ಕಿಸಿಡುವ ಬ್ರೆಡ್‌ಬೋರ್ಡ್ ಕಲಿಯಲು ಚೆನ್ನ. ಹಾಸ್ಟೆಲಿನಿಂದ ಬೈಕಿನ ಮೇಲೆ ಕಾಲೇಜಿಗೆ ಹೊತ್ತು ತರಲು ಚೆನ್ನಲ್ಲ. ವಾರ ಮೊದಲೇ ಎಲ್ಲವನ್ನೂ ಜೀರೊ ಪಿಸಿಬಿ (ತೂತುಗಳಿರುವ ಖಾಲಿ ಬೋರ್ಡ್) ಮೇಲೆ ಸೋಲ್ಡರ್ ಮಾಡಿ. ಸೋಲ್ಡರ್ ಮಾಡಲು ಬರದಿದ್ದರೆ ಕನಿಷ್ಠ ಕನೆಕ್ಟರ್ ಮೇಲೆ ಹಾಟ್ ಗ್ಲೂ ಹಾಕಿ. ಪ್ರತಿ ವೈರಿಗೂ ಚಿಕ್ಕ ಚೀಟಿ ಅಂಟಿಸಿ. ಕಿತ್ತುಬಂದರೆ ಎಲ್ಲಿಗೆ ಹಾಕಬೇಕು ಅಂತ ಆಗ ಸರ್ಕ್ಯೂಟ್ ಹುಡುಕುತ್ತಾ ಕೂರಬೇಕಾಗಿಲ್ಲ.

ಇನ್ನು ಪವರ್. ಬೋರ್ಡನ್ನು ಮೊಬೈಲ್ ನೆಟ್‌ವರ್ಕ್‌ಗೆ ಜೋಡಿಸಲು ಸ್ಟಾರ್ಟರ್ ಪ್ರಾಜೆಕ್ಟ್‌ಗಳಲ್ಲಿ ತುಂಬ ಬಳಸುವ ಸಿಮ್800ಎಲ್ ಮಾಡ್ಯೂಲನ್ನೇ ನೋಡಿ. ಅದಕ್ಕೆ 3.4ರಿಂದ 4.4 ವೋಲ್ಟ್ ಬೇಕು. ನೆಟ್‌ವರ್ಕ್ ಹುಡುಕುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಎಳೆಯುತ್ತದೆ. ಆರ್ಡ್ವಿನೊ ಯುನೊದ 5 ವೋಲ್ಟ್ ಪಿನ್ನಿನಿಂದ ಅದನ್ನು ನಡೆಸಲು ಹೋದರೆ ವೋಲ್ಟೇಜೂ ಸರಿಯಿಲ್ಲ, ಕರೆಂಟೂ ಸಾಲದು. ಯುಎಸ್‌ಬಿಯಿಂದ ಪವರ್ ತಗೊಳ್ಳುವ ಯುನೊ ಸುಮಾರು 500 ಮಿಲಿ ಆಂಪಿಯರ್‌ಗೆ ಫ್ಯೂಸ್‌ನಲ್ಲೇ ತಡೆಯುತ್ತದೆ. ಮಾಡ್ಯೂಲ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ನೀವು "ಸಿಗ್ನಲ್ ಇಲ್ಲ ಸರ್" ಅನ್ನುತ್ತೀರಿ. ಪ್ರತ್ಯೇಕ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಸರ್ಕ್ಯೂಟ್), ಮಾಡ್ಯೂಲ್ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್, ಎಲ್ಲಕ್ಕೂ ಒಂದೇ ಗ್ರೌಂಡ್: ಇಷ್ಟು ಮಾಡಿದರೆ ಅರ್ಧ ರೋಗ ಹೋಗುತ್ತದೆ.

ಅದೇ ಮಾಡ್ಯೂಲ್‌ನದು ಇನ್ನೊಂದು ವಿಷಯ. ಸಿಮ್800ಎಲ್ 2ಜಿ ಮಾತ್ರ. ಜಿಯೊಗೆ 2ಜಿ ಇಲ್ಲ. ಜಿಯೊ ಸಿಮ್ ಹಾಕಿ ರಾತ್ರಿಯಿಡೀ ಕೋಡಿನಲ್ಲಿ ತಪ್ಪು ಹುಡುಕುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. 2ಜಿ ಇರುವ ಕಂಪನಿಯ ಸಿಮ್ ಹಾಕಿ, ಅದಕ್ಕೆ ಎಸ್‌ಎಂಎಸ್ ಪ್ಯಾಕ್ ಇದೆಯಾ ನೋಡಿ, ಡೆಮೊ ಕೊಡುವ ಕೋಣೆಯಲ್ಲೇ ಸಿಗ್ನಲ್ ಪರೀಕ್ಷಿಸಿ.

ವೈ-ಫೈ ಇರುವ ಇಎಸ್‌ಪಿ32 ಬೋರ್ಡ್ ಬಳಸುವವರಿಗೆ ಸೀರಿಯಲ್ ಮಾನಿಟರ್‌ನಲ್ಲಿ (ಬೋರ್ಡ್ ಕಳಿಸುವ ಸಂದೇಶ ಲ್ಯಾಪ್‌ಟಾಪಿನಲ್ಲಿ ಕಾಣುವ ಕಿಟಕಿ) "ಬ್ರೌನ್‌ಔಟ್" ಅನ್ನುವ ಪದ ಕಂಡರೆ ಅದು ವೋಲ್ಟೇಜ್ ಕುಸಿದ ಗುರುತು. ವೈ-ಫೈ ಚಾಲೂ ಆಗುವಾಗ ಅದೂ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಒಳ್ಳೆಯ ಅಡಾಪ್ಟರು, ಗಿಡ್ಡ ದಪ್ಪ ಯುಎಸ್‌ಬಿ ಕೇಬಲ್ಲು ಹಾಕಿ. 9 ವೋಲ್ಟಿನ ಚೌಕದ ಬ್ಯಾಟರಿಯಲ್ಲಿ ಮೋಟಾರು ಓಡಿಸುವ ಯೋಚನೆ ಬಿಟ್ಟುಬಿಡಿ. ಅದು ಹುಟ್ಟಿದ್ದು ಆ ಕೆಲಸಕ್ಕಲ್ಲ.

ನೆಟ್‌ವರ್ಕ್ ನಂಬಬೇಡಿ

2010ರಲ್ಲಿ ಐಫೋನ್ 4 ತೋರಿಸುವಾಗ ಸ್ಟೀವ್ ಜಾಬ್ಸ್ ಅವರಿಗೇ ವೇದಿಕೆ ಮೇಲೆ ವೈ-ಫೈ ಕೈಕೊಟ್ಟಿತು. ಸಭಾಂಗಣದಲ್ಲಿ ನೂರಾರು ವೈ-ಫೈ ಉಪಕರಣಗಳು ಚಾಲೂ ಇದ್ದವು. ದಯವಿಟ್ಟು ನಿಮ್ಮವನ್ನು ಆಫ್ ಮಾಡಿ ಅಂತ ಅವರು ಸಭಿಕರನ್ನೇ ಕೇಳಬೇಕಾಯಿತು. ನಿಮ್ಮ ಲ್ಯಾಬಿನಲ್ಲಿ ಹತ್ತು ಬ್ಯಾಚ್ ಒಟ್ಟಿಗೆ ಹಾಟ್‌ಸ್ಪಾಟ್ ಹಾಕಿಕೊಂಡರೆ ಆಗುವುದೂ ಅದೇ.

ಕಾಲೇಜಿನ ವೈ-ಫೈ ಅನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಬಹಳ ಕಡೆ ಬ್ರೌಸರಿನಲ್ಲಿ ಲಾಗಿನ್ ಪುಟ ಬರುತ್ತದೆ, ಇಎಸ್‌ಪಿ ಬೋರ್ಡಿಗೆ ಅದರಲ್ಲಿ ಪಾಸ್‌ವರ್ಡ್ ತುಂಬಲು ಬರುವುದಿಲ್ಲ. ಒಂದು ಫೋನನ್ನು ಹಾಟ್‌ಸ್ಪಾಟ್‌ಗೆ ಅಂತಲೇ ಮೀಸಲಿಡಿ. ಅದನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ. ಸಾಮಾನ್ಯವಾಗಿ ಸಿಗುವ ಇಎಸ್‌ಪಿ8266, ಇಎಸ್‌ಪಿ32 ಬೋರ್ಡ್‌ಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಐಫೋನ್ ಆದರೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ "ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ" ಆನ್ ಮಾಡಿ. ಆ ಫೋನ್ ಅವತ್ತು ಯಾರ ಕರೆಗೂ ಸಿಗಬಾರದು.

ಸಾಧ್ಯವಾದರೆ ಇಂಟರ್ನೆಟ್ ಇಲ್ಲದೆಯೂ ಮುಖ್ಯ ಕೆಲಸ ನಡೆಯುವ ಹಾಗೆ ಮಾಡಿ. ಸರ್ವರನ್ನು ಲ್ಯಾಪ್‌ಟಾಪಿನಲ್ಲೇ ಓಡಿಸಿ, ಬೋರ್ಡೂ ಲ್ಯಾಪ್‌ಟಾಪೂ ಒಂದೇ ಹಾಟ್‌ಸ್ಪಾಟ್‌ನಲ್ಲಿರಲಿ. ಕ್ಲೌಡ್‌ನಲ್ಲೇ ಇಡಲೇಬೇಕು ಅನ್ನುವವರು ಉಚಿತ ಸೇವೆಗಳ ನಿಯಮ ಓದಿಕೊಳ್ಳಿ. ರೆಂಡರ್ ಅನ್ನುವ ಕ್ಲೌಡ್ ಸೇವೆಯ ಉಚಿತ ಸರ್ವರ್ 15 ನಿಮಿಷ ಯಾರೂ ಬರದಿದ್ದರೆ ಮಲಗಿಬಿಡುತ್ತದೆ, ಎಬ್ಬಿಸಿದರೆ ಏಳಲು ಒಂದು ನಿಮಿಷದಷ್ಟು ತಗೊಳ್ಳುತ್ತದೆ. ಬಿಳಿ ಪರದೆ ನೋಡುತ್ತಾ ಎಕ್ಸ್‌ಟರ್ನಲ್ ಮುಂದೆ ನಿಲ್ಲಲು ಒಂದು ನಿಮಿಷ ಬಹಳ ದೊಡ್ಡದು. ನಿಮ್ಮ ಹಿಂದಿನ ಬ್ಯಾಚ್ ಒಳಗೆ ಹೋದ ಕೂಡಲೇ ಒಬ್ಬರು ಆ ಪುಟ ತೆರೆದಿಡಿ. ಗೂಗಲ್‌ನ ಕ್ಲೌಡ್ ಡೇಟಾಬೇಸ್ ಸೇವೆ ಫೈರ್‌ಬೇಸ್‌ನಲ್ಲಿ ಎಲ್ಲರಿಗೂ ಡೇಟಾ ತೆರೆದಿಡುವ ಟೆಸ್ಟ್ ಮೋಡ್ ನಿಯಮಗಳು 30 ದಿನಕ್ಕೆ ಮುಗಿಯುತ್ತವೆ. ಏಪ್ರಿಲ್‌ನಲ್ಲಿ ಓಡುತ್ತಿದ್ದ ಆ್ಯಪ್ ಮೇ ತಿಂಗಳಲ್ಲಿ ಸುಮ್ನೆ ಕೂತರೆ ಮೊದಲು ಅಲ್ಲಿ ನೋಡಿ.

ಕೋಣೆ, ಬೆಳಕು, ಬಿಸಿಲು

ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಸರಿಯಾಗಿ ಓಡಿದ ಲೈನ್ ಫಾಲೋವರ್ (ನೆಲದ ಕಪ್ಪು ಪಟ್ಟಿ ಹಿಡಿದು ಓಡುವ ರೋಬೊ), ಬೆಳಗ್ಗೆ ಹನ್ನೊಂದಕ್ಕೆ ಕಿಟಕಿ ಪಕ್ಕದ ಟೇಬಲ್ ಮೇಲೆ ದಾರಿ ತಪ್ಪುತ್ತದೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ, ಸೆನ್ಸರ್ ಕಣ್ಣಿಗೆ ಕಪ್ಪು ಪಟ್ಟಿಯೂ ಬಿಳಿಯಾಗಿ ಕಾಣುತ್ತದೆ. ಆದ್ದರಿಂದ ಡೆಮೊ ನಡೆಯುವ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಒಮ್ಮೆಯಾದರೂ ಓಡಿಸಿ ನೋಡಿ. ಲ್ಯಾಬ್ ಅಸಿಸ್ಟೆಂಟ್ ಅವರನ್ನು ವಿನಯವಾಗಿ ಕೇಳಿದರೆ ಹಿಂದಿನ ದಿನ ಬಾಗಿಲು ತೆಗೆದುಕೊಡುತ್ತಾರೆ. ಇಡೀ ಡಿಪಾರ್ಟ್‌ಮೆಂಟಿನಲ್ಲಿ ನಿಮಗೆ ನಿಜವಾಗಿ ಸಹಾಯಕ್ಕೆ ಬರುವವರು ಅವರೇ, ನೆನಪಿಡಿ. ಯಾವ ಪ್ಲಗ್ ಕೆಲಸ ಮಾಡುವುದಿಲ್ಲ ಅನ್ನುವುದೂ ಅವರಿಗೇ ಗೊತ್ತು.

ಎಂಕ್ಯೂ ಸರಣಿಯ ಗ್ಯಾಸ್ ಸೆನ್ಸರ್ ಒಳಗಿನ ಹೀಟರ್ ಬಿಸಿಯಾಗದೆ ಸರಿಯಾದ ರೀಡಿಂಗ್ ಬರುವುದಿಲ್ಲ. ಸರದಿ ಬಂದಾಗ ಪ್ಲಗ್ ಹಾಕಿದರೆ ಆಯಿತು ಅನ್ನುವ ಹಾಗಿಲ್ಲ, ಬಹಳ ಮೊದಲೇ ಪವರ್ ಕೊಟ್ಟಿರಬೇಕು. ಉಷ್ಣತೆ, ತೇವಾಂಶ ಅಳೆಯುವ ಡಿಎಚ್‌ಟಿ11 ಸೆನ್ಸರ್ ನಿಧಾನದ ಜೀವಿ. ಉಷ್ಣತೆಯಲ್ಲಿ 2 ಡಿಗ್ರಿ ಹೆಚ್ಚುಕಮ್ಮಿ ತೋರಿಸುವುದು ಅದರ ಹುಟ್ಟುಗುಣ. ಅದರ ಮೇಲೆ ಬಿಸಿ ಉಸಿರು ಬಿಟ್ಟು ಸಂಖ್ಯೆ ಏರಲಿ ಅಂತ ಕಾಯುವ ದೃಶ್ಯ ಬೇಡ. ಜಿಪಿಎಸ್ ಮಾಡ್ಯೂಲ್ ಕಾಂಕ್ರೀಟ್ ಚಾವಣಿಯ ಕೆಳಗೆ ಉಪಗ್ರಹ ಹಿಡಿಯದೆಯೂ ಇರಬಹುದು, ಆಂಟೆನಾ ಕಿಟಕಿಯಿಂದ ಆಚೆ ಹೋಗುವಷ್ಟು ಉದ್ದದ ವೈರ್ ಇಟ್ಟುಕೊಳ್ಳಿ.

ಸಾಫ್ಟ್‌ವೇರ್‌ನವರಿಗೆ: ಲಾಗಿನ್ ಪುಟ ತೋರಿಸಬೇಡಿ

ಹತ್ತರಲ್ಲಿ ಒಂಬತ್ತು ಸಾಫ್ಟ್‌ವೇರ್ ಡೆಮೊಗಳು ಲಾಗಿನ್‌ನಿಂದ ಶುರುವಾಗುತ್ತವೆ. ರಿಜಿಸ್ಟರ್, ಓಟಿಪಿ, ತಪ್ಪು ಪಾಸ್‌ವರ್ಡ್ ಹಾಕಿದರೆ ಏನಾಗುತ್ತೆ, ಪಾಸ್‌ವರ್ಡ್ ಮರೆತರೆ ಏನಾಗುತ್ತೆ. ನಾಲ್ಕು ನಿಮಿಷ ಖರ್ಚು. ಲಾಗಿನ್ ಪುಟ ಹೇಗಿರುತ್ತದೆ ಅಂತ ಎಕ್ಸ್‌ಟರ್ನಲ್‌ಗೆ ಗೊತ್ತಿದೆ. ಮೊದಲೇ ಲಾಗಿನ್ ಆಗಿ, ಮುಖ್ಯ ಪರದೆ ತೆರೆದಿಟ್ಟು ನಿಲ್ಲಿ.

ಡೇಟಾಬೇಸ್ ತೆರೆದರೆ "ಎಬಿಸಿ", "ಟೆಸ್ಟ್ 1", "ಎಎಎಎ" ಅಂತ ಹೆಸರುಗಳು ಕಂಡರೆ ಪ್ರಾಜೆಕ್ಟ್ ನಿನ್ನೆ ರಾತ್ರಿ ಮಾಡಿದ ಹಾಗೆ ಕಾಣುತ್ತದೆ. ನಿಜಜೀವನದಲ್ಲಿ ಬರುವಂಥ ಹೆಸರು, ಊರು, ಮೊತ್ತ ಇರುವ ದಾಖಲೆಗಳನ್ನು ತುಂಬಿಡಿ. ಒಂದೇ ಕಮಾಂಡಿಗೆ ಡೇಟಾಬೇಸ್ ಮೊದಲ ಸ್ಥಿತಿಗೆ ಮರಳುವ ಸ್ಕ್ರಿಪ್ಟ್ ಬರೆದಿಡಿ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಮಧ್ಯದಲ್ಲಿ ಒಳಗೆ ಬಂದು "ಇನ್ನೊಂದ್ಸಲ ತೋರಿಸಿ" ಅಂದಾಗ ಅದರ ಬೆಲೆ ತಿಳಿಯುತ್ತದೆ.

ಈಗ ಅಕ್ಷರ ಗುರುತಿಸುವ ಆ್ಯಪ್‌ಗೆ ಬರೋಣ. ನಿಮ್ಮ ಫೋಲ್ಡರಿನಲ್ಲಿರುವ ಹತ್ತು ಚಿತ್ರ ಹಾಕಿ ಹತ್ತಕ್ಕೆ ಹತ್ತು ಸರಿ ಬಂತು ಅಂತ ತೋರಿಸಿದರೆ ಯಾರೂ ನಂಬುವುದಿಲ್ಲ. ನಂಬಲೂಬಾರದು. ಹಾಗಾಗಿ ಪೆನ್ನು ಮತ್ತು ಬಿಳಿ ಹಾಳೆಯನ್ನು ಎಕ್ಸ್‌ಟರ್ನಲ್ ಕೈಗೆ ಕೊಡಿ. "ಮೇಡಂ, ನೀವೇ ಒಂದು ಅಕ್ಷರ ಬರೆಯಿರಿ." ಆ ಕ್ಷಣದಿಂದ ಪರೀಕ್ಷೆ ಮಾಡುತ್ತಿದ್ದವರು ನಿಮ್ಮ ಜೊತೆ ಆಟಕ್ಕೆ ಇಳಿದ ಹಾಗೆ. ಅವರು ಬರೆದ ಅಕ್ಷರ ಸರಿಯಾಗಿ ಬಂದರೆ ನಿಮ್ಮ ಸ್ಲೈಡಿನ ಯಾವ ಶೇಕಡಾವಾರೂ ಅದಕ್ಕೆ ಸಾಟಿಯಿಲ್ಲ.

ತಪ್ಪು ಬಂದರೆ? ಅದಕ್ಕೇ ಮೊದಲೇ ಒಂದು ಮಾತು ಹೇಳಿರಬೇಕು: "ಥ ಮತ್ತು ಧ, ಬ ಮತ್ತು ಭ, ಇಲ್ಲಿ ನಮ್ಮ ಮಾಡೆಲ್ ಎಡವುತ್ತದೆ. ಎಷ್ಟು ಸಲ ಎಡವುತ್ತದೆ ಅನ್ನುವ ಪಟ್ಟಿ ಇಲ್ಲಿದೆ." ಈ ಜೋಡಿಗಳಲ್ಲಿ ವ್ಯತ್ಯಾಸ ಒಂದು ಚುಕ್ಕೆ, ಒಂದು ಸೀಳು, ಅಷ್ಟೇ. ಮನುಷ್ಯರೂ ಎಡವುತ್ತಾರೆ. ಎಲ್ಲಿ ಸೋಲುತ್ತದೆ ಅಂತ ತಿಳಿದವರಿಗೆ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಗೊತ್ತಿರುತ್ತದೆ ಅಂತ ಅನುಭವಸ್ಥ ಪರೀಕ್ಷಕರು ಅಂದಾಜು ಮಾಡುತ್ತಾರೆ. "98 ಪರ್ಸೆಂಟ್ ಆಕ್ಯುರಸಿ" ಅನ್ನುವವರಿಗೆ ಮುಂದಿನ ಪ್ರಶ್ನೆ ಖಚಿತ: ಒಬ್ಬರೇ ಬರೆದ ಅಕ್ಷರಗಳು ಟ್ರೇನಿಂಗ್‌ನಲ್ಲೂ (ಮಾಡೆಲ್‌ಗೆ ಕಲಿಸುವಾಗ) ಟೆಸ್ಟಿಂಗ್‌ನಲ್ಲೂ (ಅದನ್ನು ಪರೀಕ್ಷಿಸುವಾಗ) ಇದ್ದವಾ? ಇದ್ದರೆ ಆ 98ಕ್ಕೆ ಅರ್ಥವಿಲ್ಲ. ಬರೆದ ವ್ಯಕ್ತಿಗಳನ್ನೇ ಬೇರೆ ಮಾಡಿ ಪರೀಕ್ಷಿಸಿ. ಸಂಖ್ಯೆ 85ಕ್ಕೆ ಇಳಿದರೂ ಅದನ್ನೇ ಹೇಳಿ.

ಪರದೆ ದೊಡ್ಡದಾಗಿ ಕಾಣಲಿ. ಕಂಟ್ರೋಲ್ ಮತ್ತು ಪ್ಲಸ್ ಒತ್ತಿ ಅಕ್ಷರ ಹಿಗ್ಗಿಸಿ. ಹಳೆಯ ಪ್ರೊಜೆಕ್ಟರಿಗೆ ವಿಜಿಎ ಕೇಬಲ್ ಇದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಕನ್ವರ್ಟರ್ ಬೇಕು. ನೋಟಿಫಿಕೇಶನ್ ಬಂದ್ ಮಾಡಿ. ವಾಟ್ಸಾಪ್‌ನಲ್ಲಿ ಗೆಳೆಯರು ಕಳಿಸುವ ಮೆಸೇಜ್ ಪ್ರೊಜೆಕ್ಟರ್ ಮೇಲೆ ಬಂದು ಇಡೀ ಲ್ಯಾಬ್ ನಗುವುದು ಬೇಡ. ವಿಂಡೋಸ್ ಅಪ್‌ಡೇಟ್ ಹಿಂದಿನ ದಿನವೇ ಮುಗಿಸಿ.

ಯಾರು ಮಾತಾಡಬೇಕು, ಯಾರು ಕೈ ಆಡಿಸಬೇಕು

ನಾಲ್ಕು ಜನರೂ ಒಟ್ಟಿಗೆ ಬೋರ್ಡ್ ಮೇಲೆ ಬಗ್ಗಿದರೆ ಎಕ್ಸ್‌ಟರ್ನಲ್‌ಗೆ ಕಾಣುವುದು ನಾಲ್ಕು ಬೆನ್ನು. ಒಬ್ಬರು ಮಾತಾಡಲಿ. ಒಬ್ಬರು ಪಂಪು, ಸ್ವಿಚ್ಚು ನೋಡಿಕೊಳ್ಳಲಿ. ಒಬ್ಬರು ಲ್ಯಾಪ್‌ಟಾಪ್ ಮುಂದೆ. ನಾಲ್ಕನೆಯವರ ಕೆಲಸ ಬಹಳ ಮುಖ್ಯ: ಏನಾದರೂ ಕೈಕೊಟ್ಟರೆ ಬದಲಿ ಸಿದ್ಧ ಮಾಡುವುದು, ಕೇಳಿದ ಪ್ರಶ್ನೆ ಬರೆದುಕೊಳ್ಳುವುದು. ಆದರೆ ಒಂದು ಎಚ್ಚರ. ಅಂಕ ಒಬ್ಬೊಬ್ಬರಿಗೂ ಬೇರೆ ಬೇರೆ ಬರುವುದರಿಂದ ಪ್ರತಿಯೊಬ್ಬರಿಗೂ ತಾನು ಮಾಡಿದ ಭಾಗವನ್ನು ಎರಡು ನಿಮಿಷ ಹೇಳುವ ಅವಕಾಶ ಇರಲಿ.

ಕ್ರಮ ಹೀಗಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೊದಲ ಅರ್ಧ ನಿಮಿಷದಲ್ಲಿ ಸಮಸ್ಯೆ: "ಹೊಲಕ್ಕೆ ತ್ರೀ ಫೇಸ್ ಕರೆಂಟ್ ಎಷ್ಟೋ ಕಡೆ ಅಪರಾತ್ರಿ ಬರುತ್ತದೆ. ರೈತರು ಕತ್ತಲಲ್ಲಿ ಹೊಲಕ್ಕೆ ಹೋಗಿ ಮೋಟಾರ್ ಆನ್ ಮಾಡಬೇಕು." ತಕ್ಷಣ ಡೆಮೊ. ಫೋನಿನಿಂದ ಆನ್, ನೀರು ಬಂತು, ಪಂಪು ಎತ್ತಿದಿರಿ, ನಿಂತಿತು, ಮೆಸೇಜ್ ಬಂತು. ಎರಡು ನಿಮಿಷವೂ ಆಗಿಲ್ಲ. ಈಗ ಬ್ಲಾಕ್ ಡಯಾಗ್ರಾಂ ತೆಗೆದು ಒಳಗೇನಾಯಿತು ಅಂತ ವಿವರಿಸಿ. ಕಣ್ಣಾರೆ ನೋಡಿದ ಮೇಲೆ ಬ್ಲಾಕ್ ಡಯಾಗ್ರಾಂನ ಪ್ರತಿ ಚೌಕಕ್ಕೂ ಅರ್ಥ ಬರುತ್ತದೆ. ನಮ್ಮಲ್ಲಿ ರೂಢಿ ಇದಕ್ಕೆ ತಲೆಕೆಳಗು: ಇಂಟ್ರೊಡಕ್ಷನ್, ಲಿಟರೇಚರ್ ಸರ್ವೆ, ಮೆಥಡಾಲಜಿ, ಕೊನೆಗೆ ಉಸಿರು ಬಿಗಿಹಿಡಿದು ಡೆಮೊ. ಡಿಪಾರ್ಟ್‌ಮೆಂಟಿನವರು ಆ ಕ್ರಮವೇ ಬೇಕು ಅಂದರೆ ಪಾಲಿಸಿ, ಆದರೆ ಮೊದಲ ಸ್ಲೈಡ್ ಆದ ಕೂಡಲೇ "ಸರ್, ಮೊದಲು ಒಂದು ನಿಮಿಷ ತೋರಿಸಿಬಿಡಲಾ?" ಅಂತ ಕೇಳಿ ನೋಡಿ. ಬೇಡ ಅನ್ನುವವರು ಕಡಿಮೆ.

ಏನಾಗುತ್ತದೆ ಅಂತ ಮೊದಲೇ ಹೇಳಿ, ಆಮೇಲೆ ಮಾಡಿ. "ಈಗ ಪಂಪನ್ನು ಮೇಲೆತ್ತುತ್ತೇನೆ, ಅದು ತಾನೇ ನಿಲ್ಲುವುದನ್ನು ನೋಡುತ್ತಿರಿ." ಹೀಗೆ ಹೇಳದಿದ್ದರೆ ಅವರು ಇನ್ನೆಲ್ಲೋ ನೋಡುತ್ತಿರುತ್ತಾರೆ, ಆಗಬೇಕಾದ್ದು ಆಗಿ ಮುಗಿದಿರುತ್ತದೆ.

ಭಾಷೆ ಬಗ್ಗೆ ಒಂದು ಮಾತು. ಕನ್ನಡ ಮಾಧ್ಯಮದಿಂದ ಬಂದ ಎಷ್ಟೋ ಹುಡುಗ ಹುಡುಗಿಯರು ಕೋಡ್ ಪೂರ್ತಿ ಬರೆದಿರುತ್ತಾರೆ, ಡೆಮೊ ದಿನ ಇಂಗ್ಲಿಷಿಗೆ ಹೆದರಿ ಹಿಂದೆ ನಿಲ್ಲುತ್ತಾರೆ. ಇದು ನ್ಯಾಯವಲ್ಲ. ಶುರುವಿನ ನಾಲ್ಕು ವಾಕ್ಯ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಎದುರಿಗಿರುವವರಿಗೆ ಕನ್ನಡ ಬರುವುದಾದರೆ ಮುಂದಿನದಕ್ಕೆ ಕನ್ನಡ ಬೆರೆಸಬಹುದಾ ಅಂತ ಕೇಳಿ. ವಿಷಯ ಗೊತ್ತಿರುವವರ ಮಾತು ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ. ಗೊತ್ತಿಲ್ಲದವರದ್ದೂ ಅಷ್ಟೇ.

ಕೈಕೊಟ್ಟಾಗ

1998ರ ಏಪ್ರಿಲ್‌ನಲ್ಲಿ ಷಿಕಾಗೊದ ಒಂದು ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ಮುಂದೆಯೇ ವಿಂಡೋಸ್ 98 ಡೆಮೊ ನಡೆಯುತ್ತಿತ್ತು. ಸ್ಕ್ಯಾನರ್ ಕೇಬಲ್ ಸಿಕ್ಕಿಸಿದ ಕೂಡಲೇ ಪರದೆ ನೀಲಿಯಾಗಿ ಕೂತುಬಿಟ್ಟಿತು. ಸಭೆಯೆಲ್ಲ ನಕ್ಕಿತು. ಇದಕ್ಕೇ ಇನ್ನೂ ವಿಂಡೋಸ್ 98 ಮಾರಾಟಕ್ಕೆ ಬಿಟ್ಟಿಲ್ಲ ಅನ್ನುವ ಅರ್ಥದಲ್ಲಿ ಗೇಟ್ಸ್ ತಮಾಷೆ ಮಾಡಿ ಮುಂದೆ ಹೋದರು. ದೊಡ್ಡವರಿಗೂ ಆಗುತ್ತದೆ. ಆದ ಮೇಲೆ ನೀವು ಏನು ಮಾಡುತ್ತೀರಿ ಅನ್ನುವುದೇ ಮುಖ್ಯ.

ಬ್ಯಾಚಿನಲ್ಲಿ ಮೊದಲೇ ಒಪ್ಪಂದ ಮಾಡಿಕೊಳ್ಳಿ: ಮೂವತ್ತು ಸೆಕೆಂಡಿನಲ್ಲಿ ಸರಿಯಾಗದಿದ್ದರೆ ಬದಲಿ ದಾರಿ ಹಿಡಿಯುವುದು. ಮೊದಲ ಪ್ರಯತ್ನ ರೀಸೆಟ್ ಬಟನ್. ಎರಡನೆಯದು ಅದೇ ಕೋಡ್ ಹಾಕಿಟ್ಟ ಇನ್ನೊಂದು ಬೋರ್ಡ್. ಮೂರನೆಯದು ವಿಡಿಯೊ. ಆ ವಿಡಿಯೊ ಎಡಿಟ್ ಮಾಡದ ಒಂದೇ ಶಾಟ್ ಆಗಿರಲಿ, ನಿಮ್ಮಲ್ಲಿ ಒಬ್ಬರ ಮುಖ, ಬೋರ್ಡು, ಫೋನು ಮೂರೂ ಒಟ್ಟಿಗೆ ಕಾಣಲಿ. ಹಾಡು ಹಾಕಿ ಕತ್ತರಿಸಿ ಜೋಡಿಸಿದ ವಿಡಿಯೊ ನೋಡಿದರೆ ಅನುಮಾನವೇ ಜಾಸ್ತಿ.

"ಸರ್, ಬೆಳಗ್ಗೆವರೆಗೂ ಓಡ್ತಿತ್ತು" ಅನ್ನುವ ಮಾತನ್ನು ಬಾಯಿಗೆ ತರಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ. ಬದಲಿಗೆ ಸೀರಿಯಲ್ ಮಾನಿಟರ್ ತೆರೆದು ತೋರಿಸಿ: "ಕಮಾಂಡ್ ಬೋರ್ಡಿಗೆ ಬಂದಿದೆ, ರಿಲೇಗೆ ಸಿಗ್ನಲ್ ಹೋಗಿದೆ, ಪಂಪಿನ ಕಡೆ ತೊಂದರೆ ಇದೆ." ಗಾಬರಿಯಾಗದೆ ದೋಷ ಎಲ್ಲಿದೆ ಅಂತ ಹುಡುಕುವುದನ್ನು ನೋಡಿ ಒಳ್ಳೆಯ ಅಂಕ ಕೊಡುವ ಪರೀಕ್ಷಕರಿದ್ದಾರೆ.

ಮೋಸ ಮಾತ್ರ ಬೇಡ. ಟೇಬಲ್ ಕೆಳಗೆ ಗೆಳೆಯ ಗುಟ್ಟಾಗಿ ಬಟನ್ ಒತ್ತುವುದು, ಸೆನ್ಸರ್ ಓದದೆ ಕೋಡಿನಲ್ಲೇ ಸಂಖ್ಯೆ ಬರೆದಿಡುವುದು ಇವೆಲ್ಲ ಹೊಸದೇನಲ್ಲ. "ಕೋಡ್ ತೆರೀರಿ, ಮಿತಿಯನ್ನು 40ರಿಂದ 60ಕ್ಕೆ ಬದಲಿಸಿ ಮತ್ತೆ ಓಡಿಸಿ" ಅಂದರೆ ಸಾಕು, ಎಲ್ಲ ಬಯಲಾಗುತ್ತದೆ. ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತಂದವರು ಸಿಕ್ಕಿಬೀಳುವುದೂ ಇಲ್ಲೇ. ನೀವೇ ಮಾಡಿದ್ದಾದರೆ ಇಂಥ ಬದಲಾವಣೆಯನ್ನು ಎದುರಿಗೇ ಮಾಡಿ ಅಪ್‌ಲೋಡ್ ಮಾಡುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿ.

ಬಂದೇ ಬರುವ ಪ್ರಶ್ನೆಗಳು

"ಇದು ಮಾರ್ಕೆಟ್‌ನಲ್ಲಿ ಇದೆಯಲ್ಲ, ನಿಮ್ಮದರಲ್ಲಿ ಏನು ಹೊಸದು?" ಮೊಬೈಲ್ ಸ್ಟಾರ್ಟರ್‌ಗಳು ಅಂಗಡಿಯಲ್ಲಿ ನಿಜವಾಗಿಯೂ ಸಿಗುತ್ತವೆ. ಇಲ್ಲ ಅಂತ ವಾದಿಸಬೇಡಿ. ಹತ್ತಿರದ ಪಂಪ್‌ಸೆಟ್ ಅಂಗಡಿಗೆ ಹೋಗಿ ಒಂದನ್ನು ನೋಡಿ, ಬೆಲೆ ಕೇಳಿ, ಅದರಲ್ಲಿ ಏನಿದೆ ಏನಿಲ್ಲ ಬರೆದುಕೊಂಡು ಬನ್ನಿ. ಕನ್ನಡದಲ್ಲಿ ಧ್ವನಿ ಮೂಲಕ ಹೇಳುವುದು ನಿಮ್ಮದರಲ್ಲಿ ಇದ್ದರೆ ಅದೇ ಉತ್ತರ. ಹೊಸದೇನೂ ಇಲ್ಲದಿದ್ದರೆ "ಹೊಸದಲ್ಲ ಸರ್, ಕಡಿಮೆ ಖರ್ಚಿನಲ್ಲಿ ನಾವೇ ಮಾಡಿ ಕಲಿತೆವು" ಅನ್ನುವುದೂ ಮರ್ಯಾದೆಯ ಉತ್ತರವೇ.

"ಖರ್ಚು ಎಷ್ಟಾಯಿತು?" ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಲ್ಲಿ ತಂದ ಬಿಡಿಭಾಗಗಳ ಬಿಲ್ ಕೂಡಿಸಿದರೆ ಸಿಗುವುದು ನಿಮ್ಮ ಖರ್ಚು, ರೈತರು ಕೊಡಬೇಕಾದ ಬೆಲೆಯಲ್ಲ. ಡಬ್ಬ, ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ಬಂದರೆ ತಡೆಯುವ ವ್ಯವಸ್ಥೆ, ರಿಪೇರಿ, ಸಿಮ್ ರೀಚಾರ್ಜ್ ಎಲ್ಲ ಸೇರಿದರೆ ಲೆಕ್ಕವೇ ಬೇರೆ. ಎರಡನ್ನೂ ಬೇರೆ ಬೇರೆ ಹೇಳಿ.

"ಇದರಲ್ಲಿ ನೀನು ಮಾಡಿದ್ದೇನು?" ಇದಕ್ಕೆ ಪ್ರತಿಯೊಬ್ಬರೂ ಒಂದೇ ಉಸಿರಿನಲ್ಲಿ ಉತ್ತರಿಸುವ ಹಾಗಿರಬೇಕು.

ಪ್ರದರ್ಶನಕ್ಕೆ ಹೋದರೆ

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಫೈನಲ್ ಇಯರ್ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತದೆ, ಆಯ್ಕೆಯಾದವನ್ನು ರಾಜ್ಯಮಟ್ಟದ ಪ್ರದರ್ಶನಕ್ಕೆ ಕರೆಯುತ್ತದೆ. ಅಲ್ಲಿಯ ಡೆಮೊ ವೈವಾ ಥರ ಅಲ್ಲ. ಇಡೀ ದಿನ ನಿಲ್ಲಬೇಕು. ಒಂದೇ ಮಾತನ್ನು ನೂರಾರು ಜನಕ್ಕೆ ಹೇಳಬೇಕು. ಹಾಗಾಗಿ ಪೂರ್ತಿ ಚಕ್ರ ಒಂದು ನಿಮಿಷದೊಳಗೆ ಮುಗಿದು ತಾನೇ ಮೊದಲಿಗೆ ಮರಳುವ ಹಾಗೆ ಮಾಡಿಟ್ಟುಕೊಳ್ಳಿ. ಮಕ್ಕಳು ಬಂದು ಎಲ್ಲ ಬಟನ್ ಒತ್ತುತ್ತಾರೆ, ಒತ್ತಲಿ. ಮುರಿಯಬಾರದ್ದನ್ನು ಅಕ್ರಿಲಿಕ್ ಡಬ್ಬದೊಳಗೆ ಇಡಿ. ಬಲ್ಲವರೂ ಬರುತ್ತಾರೆ, ಅವರಿಗೆ ಸರ್ಕ್ಯೂಟ್ ಕಾಣಲಿ. ಬೋರ್ಡಿನಲ್ಲಿ ಕನ್ನಡದಲ್ಲೂ ದೊಡ್ಡದಾಗಿ ಒಂದು ಸಾಲು ಬರೆಯಿರಿ: "ಹೊಲಕ್ಕೆ ಹೋಗದೆ ಮೋಟಾರ್ ಆನ್ ಮಾಡಿ." ಇಬ್ಬಿಬ್ಬರು ಪಾಳಿ ಹಾಕಿಕೊಳ್ಳಿ, ಊಟಕ್ಕೆ ಹೋಗುವುದು ಪಾಳಿಯಲ್ಲೇ.

ಚೀಲದಲ್ಲಿ ಇರಬೇಕಾದವು: ಎಕ್ಸ್‌ಟೆನ್ಶನ್ ಬಾಕ್ಸ್, ಎರಡು ಯುಎಸ್‌ಬಿ ಕೇಬಲ್, ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಇನ್ಸುಲೇಶನ್ ಟೇಪ್, ಬದಲಿ ರಿಲೇ, ಬದಲಿ ಸೆನ್ಸರ್, ಕೋಡ್ ಇರುವ ಪೆನ್‌ಡ್ರೈವ್, ನೀರು ಚೆಲ್ಲಿದರೆ ಒರೆಸಲು ಬಟ್ಟೆ. ಆ ಬಟ್ಟೆಯನ್ನು ಎಲ್ಲರೂ ಮರೆಯುತ್ತಾರೆ.

ಮುಗಿಯಿತು ಅಂತ ತಕ್ಷಣ ವೈರ್ ಕಿತ್ತುಹಾಕಬೇಡಿ. ಅಂಕಪಟ್ಟಿಗೆ ಸಹಿ ಬೀಳುವವರೆಗೂ ಯಾರಾದರೂ ಮತ್ತೆ ನೋಡಬೇಕು ಅನ್ನಬಹುದು. ಇನ್ನು ಪ್ರದರ್ಶನದ ಟೇಬಲ್ ಮೇಲೆ ಒಂದು ನೋಟ್‌ಬುಕ್, ಒಂದು ಪೆನ್ನು ಇಡಿ. ಬಂದು ಹೋಗುವ ರೈತರೊಬ್ಬರು "ಇದನ್ನ ನಮ್ಮೂರಲ್ಲಿ ಹಾಕಿಕೊಡ್ತೀರಾ?" ಅಂದರೆ ಅವರ ಹೆಸರು, ಊರು, ಫೋನ್ ನಂಬರ್, ಮೋಟಾರು ಎಷ್ಟು ಎಚ್‌ಪಿ ಅನ್ನುವುದನ್ನು ಅದರಲ್ಲಿ ಬರೆದುಕೊಳ್ಳಿ. ಆ ವಾರದಲ್ಲೇ ಫೋನ್ ಮಾಡಿ.